ಕೌದಿಯ ನಾಡಿನಲ್ಲಿ

ಧಾರವಾಡದಿಂದ ಹಳಿಯಾಳದ ದಾರಿ ಹಿಡಿದು ಹೊರಟ ಪ್ರಯಾಣಿಕನಿಗೆ ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂಬುದು ತಿಳಿಯುವುದೇ ಇಲ್ಲ. ಮಾವಿನ ತೋಪುಗಳು ಹಿಂದೆ ಸರಿದು ಭತ್ತದ ಗದ್ದೆಗಳು ಬರುತ್ತವೆ. ಅವುಗಳ ಬೆನ್ನಿಗೇ ತೇಗ, ಬಿದಿರುಗಳ ಕಾಡು ಎದುರಾಗುತ್ತದೆ. ಮಣ್ಣಿನ ಬಣ್ಣ, ಮನೆಗಳ ಮಾಡು, ಜನರ ಮಾತು ಎಲ್ಲವೂ ಬದಲಾದರೂ ಈ ದಾರಿಯುದ್ದಕ್ಕೂ ಬದಲಾಗದ ನೋಟವೊಂದಿದೆ. ಬಿಸಿಲು ಚೆನ್ನಾಗಿ ಕಾದ ದಿನ ಬೇಲಿಯ ಮೇಲೆ, ಕಲ್ಲುಬಂಡೆಯ ಮೇಲೆ, ಹಿತ್ತಲ ಗೋಡೆಯ ಮೇಲೆ ಒಣಗಲು ಹರವಿದ ಕೌದಿಗಳು!

ಕೌದಿಯನ್ನು ಕಾಣದ ಉತ್ತರ ಕರ್ನಾಟಕದವರು ವಿರಳ. ಬೆಂಗಳೂರು, ಮೈಸೂರುಗಳ ಓದುಗರಿಗೆ ಮಾತ್ರ ಎರಡು ಮಾತು ಹೇಳಬೇಕಾದೀತು. ಉಟ್ಟು ಸವೆದ ಇಳಕಲ್ ಸೀರೆ, ಹಳೆಯ ಧೋತರ, ಮಕ್ಕಳ ಅಂಗಿ, ಗುಳೇದಗುಡ್ಡದ ಖಣದ ತುಂಡು, ಹೀಗೆ ಮನೆಯಲ್ಲಿ ಹರಿದುದೆಲ್ಲ ಪದರ ಪದರವಾಗಿ ಸೇರಿ, ಒತ್ತೊತ್ತಾದ ಕೈಹೊಲಿಗೆಯಿಂದ ಒಂದಾದರೆ ಅದೇ ಕೌದಿ. ಚಳಿಗೆ ಹೊದಿಕೆ, ಸೆಕೆಗೆ ಹಾಸಿಗೆ, ತೊಟ್ಟಿಲಲ್ಲಿ ಕೂಸಿಗೆ ಮೆತ್ತೆ. ಅಂಗಡಿಯ ರಗ್ಗು ಎಷ್ಟೇ ಬೆಚ್ಚಗಿದ್ದರೂ ಅಜ್ಜಿಯ ಸೀರೆಯ ನುಣುಪು ಅದಕ್ಕೆಲ್ಲಿಂದ ಬರಬೇಕು?

ಈ ಕೌದಿಯನ್ನು ಮನೆಯವರೇ ಹೊಲಿಯಬೇಕೋ, ಹೊರಗಿನವರಿಗೆ ಕೊಟ್ಟು ಹೊಲಿಸಬಹುದೋ ಎಂಬ ಪ್ರಶ್ನೆ ಇಂದಿನದಲ್ಲ. ಮನೆತುಂಬ ಹೆಂಗಸರಿದ್ದ ಕಾಲದಲ್ಲಿಯೂ ಸುಗ್ಗಿ ಮುಗಿದ ಮೇಲೆ ಸಿಗುತ್ತಿದ್ದ ಮಧ್ಯಾಹ್ನಗಳು ಎಷ್ಟು? ಅತ್ತೆ ಒಂದು ಬದಿ, ಸೊಸೆ ಒಂದು ಬದಿ, ನೆರೆಯವಳೊಬ್ಬಳು ಮಾತಿಗೆಂದು ಬಂದು ಮೂರನೆಯ ಬದಿ. ಹೀಗೆ ಕುಳಿತರೂ ಒಂದು ಕೌದಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಆದ್ದರಿಂದಲೇ ಊರೂರು ಸುತ್ತಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಈ ಸೀಮೆಯಲ್ಲಿ ಇದ್ದಾರೆ. ಇವರಲ್ಲಿ ಗೊಂದಳಿಗರ ಮನೆಯವರು ಹೆಸರಾದವರು. ಗಂಡಸರು ಸಂಬಾಳ ಬಾರಿಸಿ ಅಂಬಾಭವಾನಿಯ ಗೊಂದಳ ಹಾಕಿದರೆ, ಹೆಂಗಸರು ಸೂಜಿ ದಾರ ಹಿಡಿದು ಕೌದಿಯ ಕೆಲಸ ಕೇಳಿಕೊಂಡು ಬರುತ್ತಾರೆ.

ಹೊಲಿಯಲು ಕೊಟ್ಟ ಮಾತ್ರಕ್ಕೆ ಮನೆಯೊಡತಿ ನಿಶ್ಚಿಂತಳಾಗುವುದಿಲ್ಲ. ಗಂಟು ಬಿಚ್ಚಿ ಅರಿವೆಗಳನ್ನು ಹರವುವಾಗ ಆಕೆಯೂ ಹೊಸ್ತಿಲ ಬಳಿ ಬಂದು ಕೂರಲೇಬೇಕು.

“ಯವ್ವಾ, ಈ ಸೀರಿ ಒಳಗ ಹಾಕ್ಲೋ, ಮ್ಯಾಲ ಹಚ್ಲೋ?”

“ಒಳಗ ಬ್ಯಾಡಬೇ, ಅದು ನಮ್ಮತ್ತೀದು. ನಟ್ಟ ನಡುವ ಹಚ್ಚು, ಕಾಣುವಂಗ ಇರ್ಲಿ.”

ಇಂಥ ಮಾತುಕತೆ ನಡೆಯದೆ ಹೊಲಿದ ಕೌದಿ ಬೆಚ್ಚಗೇನೋ ಇದ್ದೀತು. ಆದರೆ ಯಾವ ಸೀರೆ ಕಣ್ಣಿಗೆ ಬೀಳಬೇಕು, ಯಾವುದು ಒಳಪದರದಲ್ಲಿ ಮುಚ್ಚಿಹೋಗಬೇಕು ಎಂಬುದನ್ನು ಆರಿಸುವುದೇ ಕೌದಿಯ ಅರ್ಧ ಕೆಲಸ. ಸೂಜಿಯನ್ನು ಕೂಲಿಗೆ ಕೊಡಬಹುದು. ಆರಿಸುವ ಹಕ್ಕನ್ನು ಕೊಟ್ಟರೆ ಮರಳಿ ಬರುವುದು ಬೇರೆ ಯಾರದೋ ಮನೆಯ ಕೌದಿ.

ಅಮೆರಿಕದಲ್ಲಿಯೂ ಇದೇ ಚರ್ಚೆಯುಂಟು. ಅಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿ ಮೇಲ್ಪದರವನ್ನು ಮೊದಲೇ ಸಿದ್ಧಗೊಳಿಸುತ್ತಾರೆ. ಆಮೇಲೆ ನಡುವೆ ಹತ್ತಿ, ಕೆಳಗೆ ಇನ್ನೊಂದು ಬಟ್ಟೆಯಿಟ್ಟು ಮೂರನ್ನೂ ಕೂಡಿಸಿ ಹೊಲಿಯುವುದು ಬೇರೆಯೇ ಕೆಲಸ. ಹಿಂದೆ ಇದಕ್ಕಾಗಿ ನೆರೆಹೊರೆಯ ಹೆಂಗಸರು ಚೌಕಟ್ಟಿನ ಸುತ್ತ ಸೇರುತ್ತಿದ್ದರು. ಈಗ ಉದ್ದ ತೋಳಿನ ದೊಡ್ಡ ಯಂತ್ರವಿರುವವರಿಗೆ ಮೇಲ್ಪದರವನ್ನು ಅಂಚೆಯಲ್ಲಿ ಕಳುಹಿಸಿ ಹೊಲಿಸುವವರು ಬಹಳ. ಆರಿಸುವ ಕೆಲಸ ಮನೆಯಲ್ಲಿಯೇ ಮುಗಿದಿರುವುದರಿಂದ ಅವರಿಗೆ ಆ ಅನುಕೂಲವಿದೆ.

ಕಾಡು ದಟ್ಟವಾಗುವ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳನ್ನು ಹೊಕ್ಕಮೇಲೆ ಈ ಭೇದವೇ ಅಳಿಸಿಹೋಗುತ್ತದೆ. ಇದು ಸಿದ್ದಿಯರ ನೆಲೆ. ಶತಮಾನಗಳ ಹಿಂದೆ ಪೂರ್ವ ಆಫ್ರಿಕದಿಂದ ಪೋರ್ಚುಗೀಸರೂ ಅರಬರೂ ತಂದ ಜನರ ಸಂತತಿ. ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಮಡಿಲು ಸೇರಿದವರು ಇವರಲ್ಲಿ ಅನೇಕರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇವರಲ್ಲಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು.

ಸಿದ್ದಿ ಹೆಂಗಸಿನ ಕೌದಿಗೆ ಮೇಲ್ಪದರ ಬೇರೆ, ಹೊಲಿಗೆ ಬೇರೆ ಎಂಬುದಿಲ್ಲ. ಕೆಳಗೊಂದು ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನಗುಂಟ ಸಾಮಾನ್ಯವಾಗಿ ಎಡಸುತ್ತಾಗಿ ಹೊಲಿಯುತ್ತ, ತೇಪೆಗೆ ತೇಪೆ ಸೇರಿಸುತ್ತ ಆಕೆ ನಡುವಿಗೆ ಬರುತ್ತಾಳೆ. ಮುಂದಿನ ತುಂಡು ಕೆಂಪೋ ಹಳದಿಯೋ ಎಂಬುದು ಆ ಗಳಿಗೆಯಲ್ಲಿ ಕೈಗೂ ಕಣ್ಣಿಗೂ ಹೊಳೆದಂತೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಕ್ರೈಸ್ತರ ಮನೆಯಲ್ಲಿ ಶಿಲುಬೆ, ಮುಸಲ್ಮಾನರ ಮನೆಯಲ್ಲಿ ಅರ್ಧಚಂದ್ರ ಮೂಡುವುದೂ ಉಂಟು. ಇಂಥ ಕೌದಿಯನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೊಬ್ಬರ ಕೈಗೆ ಕೊಟ್ಟರೆ, ಆ ಕೈ ಮುಗಿಸುವುದು ತನ್ನದೇ ಕೌದಿಯನ್ನು.

ಈ ಕಸುಬಿನ ಸೊಗಸನ್ನು ಹೊರಜಗತ್ತಿಗೆ ತೋರಿಸಿದವರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಪ್ರಮುಖರು. ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು 2004ರಲ್ಲಿ ಹುಟ್ಟಿದುದರಲ್ಲಿ ಅವರ ಪಾತ್ರವಿತ್ತು. ಮೊಮ್ಮಕ್ಕಳಿಗೆಂದು ಹೊಲಿಯುತ್ತಿದ್ದ ಕೈಗಳಿಗೆ ದೂರದ ಗಿರಾಕಿಗಳು ದೊರೆತರು. ಕಾಡಿನಂಚಿನ ಮನೆಗೆ ನಾಲ್ಕು ಕಾಸು ಬರುವುದು ಸಣ್ಣ ಮಾತಲ್ಲ. ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡುವ ಪಟ್ಟಣಿಗರು ಒಂದು ಕೌದಿಯ ಹೊಲಿಗೆಗಳನ್ನು ಒಮ್ಮೆ ಎಣಿಸಿ ನೋಡುವುದು ಲೇಸು. ಆದರೆ ಮಾರಾಟಕ್ಕೆಂದು ಹೊಲಿಯುವಾಗ ಬಣ್ಣ ಇಂಥದೇ, ಅಳತೆ ಇಷ್ಟೇ, ಬಟ್ಟೆ ಹೊಸದೇ ಆಗಬೇಕು ಎಂಬ ಬೇಡಿಕೆ ಬಂದರೆ, ಆರಿಸುವ ಹಕ್ಕು ಇಲ್ಲಿ ಹೊಲಿಯುವವಳ ಕೈಯಿಂದಲೇ ಜಾರುತ್ತದೆ. ಧಾರವಾಡದ ಮನೆಯೊಡತಿಯ ಚಿಂತೆ ಇಲ್ಲಿ ತಲೆಕೆಳಗಾಗಿ ನಿಂತಿದೆ.

ಹೊಲಿಗೆ ನಡುವನ್ನು ಮುಟ್ಟಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬಟ್ಟೆಯ ತುಂಡನ್ನು ಮಡಿಚಿ ಮುಕ್ಕೋನ ಮಾಡಿ ನಾಲ್ಕು ಮೂಲೆಗಳಿಗೂ ಕೂಡಿಸಬೇಕು. ಸಿದ್ದಿಯರು ಅದನ್ನು ‘ಫೂಲ’ ಎನ್ನುತ್ತಾರೆ, ಎಂದರೆ ಹೂವು. ಅದರಿಂದ ಕಾವು ಹೆಚ್ಚುವುದಿಲ್ಲ, ಬಾಳಿಕೆಯೂ ಹೆಚ್ಚುವುದಿಲ್ಲ. ಫೂಲವಿಲ್ಲದ ಕೌದಿ ಮಾತ್ರ ಅವರ ಕಣ್ಣಿಗೆ ಬತ್ತಲೆ.