ನೂರರಲ್ಲಿ ಹದಿನೈದು

ಶೌಚದ ಸಂಗತಿಗಳನ್ನು ನಾಲ್ಕು ಜನರೆದುರು ಆಡಬಾರದೆಂಬುದು ನಾವು ಬೆಳೆದು ಬಂದ ಶಿಸ್ತು. ಈ ಬಾರಿ ಅದನ್ನು ಮೀರಿ ಬರೆಯುತ್ತಿದ್ದೇನೆ, ಓದುಗರು ಮನ್ನಿಸಬೇಕು.

ಹಟ್ಟಿಯಂಗಡಿಯಲ್ಲಿರುವ ನನ್ನ ಭಾವನವರಿಗೆ ಎಪ್ಪತ್ತರ ಹೊಸ್ತಿಲಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ವಿಕಿರಣ ಚಿಕಿತ್ಸೆಯಿಂದ ಮುಂದೆ ಕರುಳಿಗೆ ತೊಂದರೆಯಾದೀತೇ ಎಂದು ಅವರು ಕೇಳಿದಾಗ ವೈದ್ಯರು, "ನೂರರಲ್ಲಿ ಹದಿನೈದು ಮಂದಿಗಿಂತ ಕಡಿಮೆ" ಎಂದರು. ಹೊರಗೆ ಬಂದ ಮೇಲೆ ಭಾವ ನನ್ನನ್ನು ಕೇಳಿದರು: "ಮಾಷ್ಟ್ರೇ, ನಾನ್ ಆ ಹದ್ನೈದ್ರಗೆ ಬತ್ನಾ, ಎಂಬತ್ತೈದ್ರಗಾ?" ಆಯುಷ್ಯವೆಲ್ಲ ಗಣಿತ ಕಲಿಸಿದವನ ಬಳಿಯೂ ಅದಕ್ಕೆ ಉತ್ತರವಿರಲಿಲ್ಲ.

ಪ್ರಾಸ್ಟೇಟ್ ಗ್ರಂಥಿಯ ಹಿಂದೆಯೇ ಗುದನಾಳದ ಮುಂಗೋಡೆಯಿದೆ. ಗ್ರಂಥಿಗೆ ಹಾಯಿಸಿದ ಕಿರಣದ ಒಂದು ಪಾಲು ಅದಕ್ಕೂ ತಾಗುತ್ತದೆ. ಚಿಕಿತ್ಸೆಯ ವಾರಗಳಲ್ಲಿ ಕಾಣುವ ಭೇದಿ, ಉರಿ ಬಹುಮಟ್ಟಿಗೆ ಇಳಿದುಹೋಗುತ್ತವೆ. ತಡವಾಗಿ ಬರುವುದರ ಬಗೆಯೇ ಬೇರೆ. ಸಣ್ಣ ರಕ್ತನಾಳಗಳು ಹಾಳಾಗಿ, ಗೋಡೆ ಗಡುಸಾಗಿ, ಮೇಲ್ಪದರದಲ್ಲಿ ದುರ್ಬಲವಾದ ಹೊಸ ನಾಳಗಳು ಮೂಡಿ, ತಿಂಗಳುಗಳ ಅಥವಾ ವರ್ಷಗಳ ಬಳಿಕ ರಕ್ತ ಜಿನುಗುತ್ತದೆ.

ಇದನ್ನು ಮುಂಚಿತವಾಗಿ ಅಂದಾಜಿಸುವ ಲೆಕ್ಕ ವಾರಾಹಿಯ ನೆರೆಯ ಲೆಕ್ಕದಂತೆಯೇ. ನೆರೆ ಬಂತೆಂದರೆ ಸಾಲದು, ಎಷ್ಟು ಗದ್ದೆ ಎಷ್ಟು ಆಳಕ್ಕೆ ಮುಳುಗಿತೆಂಬುದು ಬೇಕು. 2010ರಲ್ಲಿ ಪ್ರಕಟವಾದ ಕ್ವಾಂಟೆಕ್ ಎಂಬ ತಜ್ಞರ ವರದಿ ಇಂತಹ ಮಿತಿಗಳನ್ನು ಸೂಚಿಸಿತು: ಗುದನಾಳದ ಶೇ. 20ಕ್ಕಿಂತ ಹೆಚ್ಚು ಭಾಗಕ್ಕೆ 70 ಗ್ರೇ ವಿಕಿರಣ ತಾಗಬಾರದು, ಶೇ. 15ಕ್ಕಿಂತ ಹೆಚ್ಚು ಭಾಗಕ್ಕೆ 75 ಗ್ರೇ ತಾಗಬಾರದು, ಇತ್ಯಾದಿ. ಇವನ್ನು ಪಾಲಿಸಿದರೆ ಮಧ್ಯಮ ಹಾಗೂ ಅದಕ್ಕೂ ಮೇಲ್ಪಟ್ಟ ತೊಂದರೆ ಶೇ. 15ಕ್ಕಿಂತ ಕೆಳಗಿರುತ್ತದೆಂದು ಅಂದಾಜು. ವೈದ್ಯರ ಹದಿನೈದು ಬಂದದ್ದು ಇಲ್ಲಿಂದ. ದಿನಕ್ಕೆ ಸುಮಾರು 2 ಗ್ರೇಯಂತೆ ಕೊಡುವ ಕ್ರಮಕ್ಕೆ ಹೊಂದುವ ಅಂಕಿಗಳಿವು; ದಿನದ ಪ್ರಮಾಣ ಹೆಚ್ಚಿಸಿ 20 ದಿನಗಳಲ್ಲೇ ಮುಗಿಸುವ ಇಂದಿನ ಕ್ರಮಕ್ಕೆ ಮಿತಿಗಳೂ ಬೇರೆ.

ಒಂದೇ ಪ್ರಮಾಣ ಪಡೆದ ಇಬ್ಬರಲ್ಲಿ ಒಬ್ಬನಿಗೆ ರಕ್ತಸ್ರಾವವಾಗಿ ಇನ್ನೊಬ್ಬ ಸುಖವಾಗಿರುವುದುಂಟು. ಮಧುಮೇಹ, ಹಿಂದೆ ಆದ ಹೊಟ್ಟೆಯ ಶಸ್ತ್ರಚಿಕಿತ್ಸೆ, ರಕ್ತ ತೆಳುಮಾಡುವ ಮಾತ್ರೆ, ಚಿಕಿತ್ಸೆಯ ಸಮಯದಲ್ಲೇ ತೀವ್ರವಾದ ಬೇನೆ, ಇವೆಲ್ಲ ಅಪಾಯವನ್ನು ಏರಿಸಬಲ್ಲವು. ಸಾಲದ್ದಕ್ಕೆ ಗುದನಾಳವು ವಾಯು, ಮಲಗಳಿಂದ ದಿನವೂ ಅತ್ತಿತ್ತ ಸರಿಯುತ್ತದೆ. ನಕ್ಷೆ ಬರೆದ ದಿನದ ಕರುಳೇ ಬೇರೆ, ಕಿರಣ ಬಿದ್ದ ದಿನದ್ದೇ ಬೇರೆ.

ಎರಡನೆಯ ವರ್ಷ ಭಾವನವರಿಗೆ ರಕ್ತ ಕಾಣಿಸಿತು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಅಕ್ಕ ಪಂಚೆಯ ಕಲೆ ಕಂಡು ಕೇಳಿದಾಗಲೂ, "ಎಂತದೂ ಆಯಿಲ್ಲ, ಮೂಲವ್ಯಾಧಿ ಅಷ್ಟೆ" ಎಂದರು. ಕೊನೆಗೆ ಕರುಳಿನೊಳಗೆ ನಳಿಗೆ ಹಾಕಿ ನೋಡಿದಾಗ ಬೇರೆ ಗಂಟಿಲ್ಲ, ವಿಕಿರಣದ ಗಾಯವೇ ಎಂದು ಖಚಿತವಾಯಿತು. ಆರ್ಗಾನ್ ಅನಿಲದ ಚಿಕಿತ್ಸೆಯಿಂದ ಜಿನುಗು ನಿಂತಿತು. ಮುಂಗೋಡೆಯಿಂದ ಅನಗತ್ಯವಾಗಿ ತುಣುಕು ತೆಗೆಸಬಾರದು, ಆ ಗಾಯ ಮಾಯದೆ ಉಳಿದೀತು ಎಂದು ವೈದ್ಯರು ಎಚ್ಚರಿಸಿದರು.

ನನ್ನನ್ನು ಕಾಡುವುದು ಆ ನಾಲ್ಕು ತಿಂಗಳು. ಅಂಕಿಗಳೆಲ್ಲ ಹುಟ್ಟುವುದು ರೋಗಿಗಳು ಬಾಯಿಬಿಟ್ಟು ಹೇಳಿದ್ದರಿಂದ. ಲಜ್ಜೆಯಿಂದ ಸುಮ್ಮನಿದ್ದವರೆಲ್ಲ ಆ ಎಂಬತ್ತೈದರಲ್ಲೇ ಲೆಕ್ಕವಾಗುತ್ತಾರೆ. ಭಾವನೂ ಅಷ್ಟು ಕಾಲ ಅಲ್ಲೇ ಇದ್ದರು. ಈಗ ತಪಾಸಣೆಗೆ ಹೋಗುವಾಗ ಅವರ ಕಿಸೆಯಲ್ಲಿ ಒಂದು ಚೀಟಿಯಿರುತ್ತದೆ: ದಿನಕ್ಕೆಷ್ಟು ಸಲ, ರಕ್ತವಿತ್ತೇ, ತಡೆಯಲಾಗದೆ ಓಡಬೇಕಾಯಿತೇ. ಬರೆಯುವವಳು ಅಕ್ಕ.