ಅಪ್ಪನ ಕ್ಯಾಸೆಟ್ಟಿನ ಹಾಡಿನ ಪಟ್ಟಿ

ಹಳೇ ಮನೆಯ ಸದ್ದುಗಳು – 9

ಫೋಟೋದಲ್ಲಿರೋದು ಅಪ್ಪನ ಕ್ಯಾಸೆಟ್. ಬೇಕಾದ ಹಾಡುಗಳ ಪಟ್ಟಿ ಅಂಗಡಿಯವರಿಗೆ ಕೊಟ್ಟು ತುಂಬಿಸಿಕೊಂಡು ಬಂದಿದ್ದು. 60 ನಿಮಿಷದ್ದು, ಒಂದೊಂದು ಕಡೆಗೆ 30. ಒಟ್ಟು 12 ಭಾವಗೀತೆ. ಒಳಗಿದ್ದ ಚೀಟಿ ಎಂದೋ ಕಳೆದುಹೋಗಿದೆ. ಅಪ್ಪನೂ ಈಗಿಲ್ಲ.

ಹೋದ ತಿಂಗಳು ಟೇಪ್ ರೆಕಾರ್ಡರನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಎಲ್ಲಾ ಎಂಪಿ3 ಮಾಡಿದೆ. ‘ಟ್ರ್ಯಾಕ್ 1’ರಿಂದ ‘ಟ್ರ್ಯಾಕ್ 12’. ಅಮ್ಮನ ಮೊಬೈಲಿಗೆ ಹಾಕಿಕೊಟ್ಟೆ. ಎರಡನೇ ಹಾಡು ಶುರುವಾಗ್ತಿದ್ದಂಗೇ ಅಡುಗೆಮನೆಯಿಂದ ಕೂಗಿದ್ಲು: “ಇದಾದ್ಮೇಲೆ ಅದು ಬರಲ್ಲ ಕಣೋ!”

ನೋಡಿದ್ರೆ ಹೌದು. ಮೊಬೈಲು 1 ಆದ್ಮೇಲೆ 10, 11, 12 ಮುಗಿಸಿ 2ಕ್ಕೆ ಬರ್ತಿತ್ತು. ಅಂಕಿಯನ್ನ ಅಕ್ಷರದ ಹಾಗೆ ಓದಿ ಜೋಡಿಸಿದ್ರೆ ಹೀಗೇ ಆಗೋದು. ಅದೂ ಸಾಲದು ಅಂತ ನಾನು ಬಿ ಸೈಡನ್ನೇ ಮೊದಲು ರೆಕಾರ್ಡ್ ಮಾಡಿದ್ದೆ.

ಸರಿಮಾಡೋಕೆ ಬೀಟ್ಸ್ ಹಾಕಿಕೊಂಡೆ. ಕಪ್ಪು ಪರದೆ ಮೇಲೆ ಕಮಾಂಡ್ ಟೈಪ್ ಮಾಡಿ ನಡೆಸೋ ಉಚಿತ ತಂತ್ರಾಂಶ. ‘ಬೀಟ್ ಇಂಪೋರ್ಟ್’ ಅಂದ್ರೆ ಮ್ಯೂಸಿಕ್‌ಬ್ರೈನ್ಜ್ ಅನ್ನೋ ಡೇಟಾಬೇಸಲ್ಲಿ ಆಲ್ಬಮ್ ಹುಡುಕಿ, ಹಾಡಿನ ಹೆಸರು, ಕ್ರಮ ಎಲ್ಲಾ ತಾನೇ ತುಂಬುತ್ತೆ. ನಮ್ಮದು ಸಿಗಲಿಲ್ಲ. ಸಿಗೋದಾದ್ರೂ ಹೇಗೆ, ಇಡೀ ಲೋಕದಲ್ಲಿ ಇರೋದೇ ಒಂದು ಪ್ರತಿ! ‘ಇದ್ದ ಹಾಗೇ ಇರಲಿ’ ಅನ್ನೋ ಆಯ್ಕೆ ಒತ್ತಿ, ಅಮ್ಮನ್ನ ಪಕ್ಕ ಕೂರಿಸಿಕೊಂಡೆ.

ಅವಳು ಗುನುಗೋದು, ನಾನು ‘ಬೀಟ್ ಮಾಡಿಫೈ’ ಅಂತ ಟೈಪ್ ಮಾಡೋದು. ಎ ಸೈಡಿಗೆ ಡಿಸ್ಕ್ 1, ಬಿ ಸೈಡಿಗೆ ಡಿಸ್ಕ್ 2. ಫೈಲಿನ ಹೆಸರು ತಾನಾಗೇ 01-01, 01-02 ಅಂತ ಸಾಲಾಗಿ ನಿಂತಿತು.

ಎಂಪಿ3 ಒಳಗೆ ಹಾಡಿದವರಿಗೆ, ಸಂಗೀತ ಕೊಟ್ಟವರಿಗೆ, ಬರೆದವರಿಗೆ ಬೇರೆಬೇರೆ ಜಾಗ ಇದೆ. ಆದ್ರೆ ಅಮ್ಮನ ಮೊಬೈಲಲ್ಲಿ ಕಾಣೋದು ಹಾಡಿದವರ ಹೆಸರು ಮಾತ್ರ. ನಮ್ಮನೇಲಿ “ಬೇಂದ್ರೆಯವರದ್ದು ಹಾಕು”, “ಅಡಿಗರದ್ದು ಹಾಕು” ಅಂತಲೇ ಕೇಳ್ತಿದ್ದದ್ದು. ಅದಕ್ಕೇ ಹಾಡಿನ ಹೆಸರಿನ ಜೊತೆಗೇ ಕವಿಯ ಹೆಸರನ್ನೂ ಸೇರಿಸಿದೆ.

‘ಆಲ್ಬಮ್ ಆರ್ಟಿಸ್ಟ್’ ಅನ್ನೋ ಕಡೆ ಅಪ್ಪನ ಹೆಸರು ಹಾಕಕ್ಕೆ ಹೋದೆ. ಅಮ್ಮ ನಕ್ಕಳು. “ನಿಮ್ಮಪ್ಪ ಎಲ್ಲಿ ಹಾಡಿದ್ರೋ? ಆರಿಸಿದ್ದು ಅಷ್ಟೇ.” ಸರಿ ಅಂತ ಕಾಮೆಂಟ್ ಜಾಗದಲ್ಲಿ ಬರೆದೆ: ಹಾಡು ಆರಿಸಿದ್ದು ಅಪ್ಪ, ಪಟ್ಟಿ ಹೇಳಿದ್ದು ಅಮ್ಮ.

ಕೊನೇ ಹಾಡು ಪೂರ್ತಿ ಇಲ್ಲ. ಟೇಪ್ ಮುಗಿದು ಚರಣದ ಮಧ್ಯಕ್ಕೇ ನಿಂತಿದೆ. “ಪೂರ್ತಿ ಹಾಡು ಬೇರೆ ಕಡೆ ಸಿಗುತ್ತಮ್ಮ, ಹಾಕ್ಲಾ?” ಅಂದೆ.

“ಬೇಡ. ಅದು ಅಲ್ಲಿಗೇ ಮುಗಿಯೋದು.”

ಹಾಗೇ ಬಿಟ್ಟಿದ್ದೀನಿ.

ನಿಮ್ಮನೇಲೂ ಇಂಥ ಕ್ಯಾಸೆಟ್ ಇದ್ರೆ, ಕ್ರಮ ನೆನಪಿರೋರು ಇರುವಾಗಲೇ ಕೂತು ಬರೆದಿಟ್ಟುಕೊಳ್ಳಿ.

#ಹಳೇಮನೆಯಸದ್ದುಗಳು #ಕ್ಯಾಸೆಟ್ #ಭಾವಗೀತೆ