ಏಳು ಸಾವಿರ ಅಡಿಯಲ್ಲಿ ಸಿಡಿಲು

ಟೂಸಾನ್ ಕುದಿಯುತ್ತಿತ್ತು. ಜುಲೈ ತಿಂಗಳ ನಡುಮಧ್ಯಾಹ್ನ, 41 ಡಿಗ್ರಿ. ಸ್ಟೀರಿಂಗ್ ಮುಟ್ಟಿದರೆ ಅಂಗೈ ಚುರ್ರೆನ್ನುತ್ತಿತ್ತು. ಟೆಂಟು, ನೀರಿನ ಕ್ಯಾನು, ನೈಲಾನ್ ಹಗ್ಗ, ಗ್ಯಾಸ್ ಒಲೆ ಎಲ್ಲವನ್ನೂ ಡಿಕ್ಕಿಗೆ ತುರುಕಿ ಗೆಳೆಯ ಕಾರು ಬಿಟ್ಟ. ಹೊರಟದ್ದು ಅರಿಜೋನಾದ ಸಾಂಟಾ ಕ್ಯಾಟಲಿನಾ ಬೆಟ್ಟಗಳಿಗೆ, 7,000 ಅಡಿ ಎತ್ತರದ ರೋಸ್ ಕ್ಯಾನ್ಯನ್ ಕ್ಯಾಂಪ್‌ಗ್ರೌಂಡಿಗೆ. ಮರುಭೂಮಿಯಿಂದ ಪೈನ್ ಕಾಡಿಗೆ ಒಂದೇ ಗಂಟೆಯ ದಾರಿ. ಆದರೆ ಬೆಟ್ಟದ ನೆತ್ತಿಯ ಮೇಲೆ ಆಗಲೇ ಮೋಡ ಒಟ್ಟುತ್ತಿತ್ತು.

ಕಾರು ಏರಿತು, ತಿರುಗಿತು, ಮತ್ತೆ ಏರಿತು. ಆಳೆತ್ತರದ ಸಗ್ವಾರೋ ಕಳ್ಳಿಗಳು ಹಿಂದೆ ಬಿದ್ದವು. ಓಕ್ ಬಂತು, ಹೋಯಿತು. ಬಂಡೆ ಸೀಳಿ ಮಾಡಿದ ಈ ರಸ್ತೆಗೆ 1933ರಲ್ಲಿ ಕೈದಿಗಳನ್ನು ದುಡಿಸಲು ತಂದರು. ಕೆಲಸ ಮುಗಿದದ್ದು 1950ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1881ರಲ್ಲಿ, ಸಸ್ಯವಿಜ್ಞಾನಿ ಸಾರಾ ಲೆಮನ್ ದಾರಿಯೇ ಇಲ್ಲದ ದಕ್ಷಿಣದ ಮೈಯನ್ನು ಹತ್ತಲು ಹೋಗಿ ಹಿಂದಿರುಗಿದರು. ಬಿಟ್ಟುಕೊಟ್ಟರೇ? ಬೆಟ್ಟ ಸುತ್ತಿ ಉತ್ತರದಿಂದ ಹತ್ತಿದರು, ತುದಿ ಮುಟ್ಟಿದರು. 9,157 ಅಡಿಯ ಶಿಖರಕ್ಕೆ ಇವತ್ತಿಗೂ ಅವರದೇ ಹೆಸರು: ಮೌಂಟ್ ಲೆಮನ್. ಎಂಥ ಗಟ್ಟಿಗಿತ್ತಿ!

ಮೈಲಿಗಲ್ಲು 17 ದಾಟಿ ಎಡವಲಿಲ್ಲ, ತಡವಲಿಲ್ಲ, ನೇರ ಕಾಡಿಗೆ ನುಗ್ಗಿದೆವು. ಬಾಗಿಲು ತೆರೆದರೆ ತಣ್ಣನೆ ಗಾಳಿ. ಪಾಂಡರೋಸಾ ಪೈನ್‌ನ ಬಿಸಿಲುಂಡ ತೊಗಟೆಗೆ ಮೂಗು ಹಚ್ಚಿದರೆ ವೆನಿಲಾದ ಘಮ. ಸವಿಯಲು ಪುರಸೊತ್ತು ಎಲ್ಲಿ? ಪಡುವಣದಲ್ಲಿ ಗುಡುಗಿತು.

ಟೆಂಟು ಬಿಚ್ಚಿದೆವು. ಗೂಟ ಹೊಡೆದರೆ ಇಳಿಯಲಿಲ್ಲ. ನಾಲ್ಕು ಬೆರಳಿನಷ್ಟು ಪುಡಿಮಣ್ಣು, ಕೆಳಗೆ ಬರೀ ಗ್ರಾನೈಟ್. ಒಂದು ಗೂಟ ಬಾಗಿತು. ಇನ್ನೊಂದು ಕಿತ್ತು ಬಂತು. ಗಾಳಿ ಎದ್ದಿತು, ಟೆಂಟು ಹಾರಲು ಹವಣಿಸಿತು.

ಗೂಟ ಬಿಸಾಡಿ ಕಲ್ಲಿಗೆ ಕೈ ಹಾಕಿದೆವು. ತೆಂಗಿನಕಾಯಿ ಗಾತ್ರದ ಕಲ್ಲಿಗೆ ಹಗ್ಗ ಸುತ್ತಿ ಬಿಗಿದೆವು. ಅದರ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೇ ದೊಡ್ಡ ಬಂಡೆ ಉರುಳಿಸಿದೆವು. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದಕ್ಕೆ ಕಚ್ಚಿಕೊಳ್ಳುತ್ತದೆ. ನೆಲಹಾಸಿನ ಅಂಚು ಹೊರಗೆ ಚಾಚಿದರೆ ಮಳೆನೀರು ಹಿಡಿದು ಒಳಗೆ ನುಗ್ಗಿಸುತ್ತದೆ. ಅದನ್ನೂ ಒಳಕ್ಕೆ ಮಡಚಿದೆವು. ಕೊನೆಯ ಗಂಟು ಬಿಗಿಯುವಾಗ ಮಿಂಚು.

"ಎಣಿಸು!" ಎಂದ ಗೆಳೆಯ.

ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡು. ಹದಿನೈದಕ್ಕೆ ಗುಡುಗಿತು: ಐದು ಕಿಲೋಮೀಟರ್. ಮತ್ತೆ ಮಿಂಚು. ಒಂಬತ್ತು. ಮತ್ತೆ. ಮೂರು!

"ಕಾರಿಗೆ ಓಡು ಮಾರಾಯಾ!"

ಟೆಂಟು ಸಿಡಿಲನ್ನು ತಡೆಯದು. ಕಾರಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ. ಓಡಿದೆವು, ಜಾರಿದೆವು, ಎದ್ದೆವು, ಒಳಗೆ ಬಿದ್ದೆವು. ಕಿಟಕಿ ಏರಿಸಿ, ಕೈ ಮಡಿಲಲ್ಲಿಟ್ಟು ಕೂತೆವು. ಆಲಿಕಲ್ಲು ಛಾವಣಿಯನ್ನು ಬಡಿಯಿತು. ಮಧ್ಯಾಹ್ನ ಬೆಂದ ಮೈ ಈಗ ಗಡಗಡ ನಡುಗಿತು. ಆಗ ಬೆಳಕೂ ಸದ್ದೂ ಒಟ್ಟಿಗೇ ಬಂದವು. ನಡುವೆ ಎಣಿಸಲು ಏನೂ ಉಳಿಯಲಿಲ್ಲ.

ಕಿವಿ ಗುಂಯ್‌ಗುಟ್ಟಿತು. ಇಬ್ಬರೂ ಮೈ ಮುಟ್ಟಿ ನೋಡಿಕೊಂಡೆವು. ಬದುಕಿದ್ದೆವು.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಅಲುಗಲಿಲ್ಲ. ಇಳಿದು ಹೋದರೆ ಟೆಂಟು ನಿಂತಿತ್ತು, ಒಳಗೆ ಒಣಗಿತ್ತು! ಒದ್ದೆ ಬಟ್ಟೆ ಕಿತ್ತೆಸೆದು ಸ್ಲೀಪಿಂಗ್ ಬ್ಯಾಗಿಗೆ ನುಸುಳಿದೆವು. ಕಣ್ಣು ಮುಚ್ಚಿತೋ ಇಲ್ಲವೋ, ಕತ್ತಲಲ್ಲಿ ಕಬ್ಬಿಣ ಕೆರೆಯುವ ಸದ್ದು.

ಕಪ್ಪು ಕರಡಿ. ಊಟದ ಸಾಮಾನೆಲ್ಲ ಉಕ್ಕಿನ ಪೆಟ್ಟಿಗೆಯಲ್ಲಿತ್ತು. ಟೆಂಟಿನಲ್ಲಿ ಬಿಸ್ಕತ್ತಿನ ಚೂರೂ ಇರಲಿಲ್ಲ, ಟೂತ್‌ಪೇಸ್ಟೂ ಇರಲಿಲ್ಲ. ಪೆಟ್ಟಿಗೆಯ ಚಿಲಕ ಒಳಸರಿದ ಗೂಡಿನಲ್ಲಿದೆ. ಮನುಷ್ಯನ ಬೆರಳು ಹೋಗುತ್ತದೆ, ಕರಡಿಯ ಪಂಜ ಹೋಗದು. ಕೆರೆಯಿತು, ಗುದ್ದಿತು, ಉಸಿರುಬಿಟ್ಟಿತು. ಪಾತ್ರೆ ಬಡಿದು ಕೂಗಿದೆವು. ಪೊದೆ ಮುರಿದ ಸದ್ದು ದೂರವಾಯಿತು.

ಬೆಳಿಗ್ಗೆ ಸಿಡಿಲು ಬಡಿದ ಪೈನ್ ಸಿಕ್ಕಿತು. ನೆತ್ತಿಯಿಂದ ಬುಡದವರೆಗೆ ತೊಗಟೆ ಸುರುಳಿಯಾಗಿ ಸೀಳಿತ್ತು, ಹಸಿ ರಾಳ ಜಿನುಗುತ್ತಿತ್ತು. ಬುಡದಲ್ಲಿ ನೂಲಿನೆಳೆಯಷ್ಟು ಹೊಗೆ.

ಎದೆ ಧಸಕ್ಕೆಂದಿತು. ಈ ಬೆಟ್ಟ ಬೆಂಕಿಯನ್ನು ಚೆನ್ನಾಗಿ ಬಲ್ಲದು. 2003ರ ಆಸ್ಪೆನ್ ಬೆಂಕಿ ಮೇಲಿನ ಸಮ್ಮರ್‌ಹೇವನ್ ಊರಿನ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. 2020ರ ಬಿಗ್‌ಹಾರ್ನ್ ಬೆಂಕಿ ಹುಟ್ಟಿದ್ದು ಒಂದು ಸಿಡಿಲಿನಿಂದ. ಸುಟ್ಟದ್ದು ಸುಮಾರು 1,20,000 ಎಕರೆ. ಮಳೆ ಬಂದರೂ ಬೇರಿನೊಳಗೆ ಕೆಂಡ ದಿನಗಟ್ಟಲೆ ಅಡಗಿರಬಲ್ಲದು. ಓಡಿದೆವು, ಕ್ಯಾಂಪ್ ನೋಡಿಕೊಳ್ಳುವವರಿಗೆ ತಿಳಿಸಿದೆವು.

ಬೆಂಕಿ ದಳದವರು ಬಂದರು. ಬೇರು ಕಾಣುವ ತನಕ ಅಗೆದರು, ನೀರು ಸುರಿದರು, ಮಣ್ಣನ್ನು ಕೆಸರು ಮಾಡಿ ಕಲಸಿದರು. ಒಬ್ಬಾಕೆ ಕೈಗವಸು ಕಳಚಿ, ಗುಂಡಿಗೆ ಬಾಗಿ, ಕೈಯ ಹಿಂಬದಿಯಿಂದ ಬೇರು ಬೇರನ್ನೂ ಸವರಿ ನೋಡಿದರು. ಒಂದೆಡೆ ಇನ್ನೂ ಬಿಸಿ. ಮತ್ತೆ ಅಗೆದರು, ಮತ್ತೆ ಸುರಿದರು, ಮತ್ತೆ ಸವರಿದರು. ತಣ್ಣಗಿತ್ತು. ಅಷ್ಟರಲ್ಲಿ ವಾಕಿಟಾಕಿ ಕರಕರ ಎಂದಿತು: ಆಚೆ ದಿಣ್ಣೆಯಲ್ಲಿ ಇನ್ನೊಂದು ಹೊಗೆ. ಆಕೆ ಗುದ್ದಲಿ ಹೆಗಲಿಗೇರಿಸಿ ಲಾರಿ ಹತ್ತಿದರು.